ಮರಳುಗಾಡಿನಲ್ಲಿ ಕೊಟ್ಟ ಕಾಫಿ ಹೆಸರು

ಕಾಫಿ ಅಂಗಡಿಯಲ್ಲಿ ನನ್ನ ಹೆಸರು ರೀಟಾ. ಇದನ್ನು ಇಷ್ಟು ನೇರವಾಗಿ ಈವರೆಗೆ ಎಲ್ಲೂ ಒಪ್ಪಿಕೊಂಡಿರಲಿಲ್ಲ. ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ನಮ್ಮ ಆಫೀಸಿನ ಎದುರಿಗಿರುವ ಅಂಗಡಿಯಲ್ಲಿ ಆರು ವರ್ಷದಿಂದ ಹೀಗೇ ನಡೆದುಬಂದಿದೆ. ಕೌಂಟರಿನ ಹುಡುಗಿ ಹೆಸರು ಕೇಳುತ್ತಾಳೆ, ನಾನು ರೀಟಾ ಅನ್ನುತ್ತೇನೆ, ಅವಳು ಲೋಟದ ಮೇಲೆ ಬರೆದುಕೊಳ್ಳುತ್ತಾಳೆ. ಐದು ನಿಮಿಷದ ಮೇಲೆ ಯಾರೋ ರೀಟಾ ಎಂದು ಕೂಗುತ್ತಾರೆ, ನಾನು ಹೋಗಿ ತೆಗೆದುಕೊಳ್ಳುತ್ತೇನೆ. ಯಾರಿಗೂ ನಷ್ಟವಿಲ್ಲದ ವ್ಯವಹಾರ.

ನನ್ನ ನಿಜವಾದ ಹೆಸರು ವಿಶಾಲಾಕ್ಷಿ. ಮೈಸೂರಿನ ಶಾಲೆಯಲ್ಲೇ ಅದು ಹಳೆಯ ಕಾಲದ ಹೆಸರಾಗಿತ್ತು. ನನ್ನ ತರಗತಿಯಲ್ಲಿ ಆರು ಜನ ಪೂಜಾ, ನಾಲ್ಕು ಜನ ದಿವ್ಯಾ, ಒಬ್ಬಳು ವಿಶಾಲಾಕ್ಷಿ. ಹಾಜರಿ ಕರೆಯುವಾಗ ಆ ಹೆಸರು ಬಂದರೆ ಹೊಸ ಮೇಷ್ಟರು ತಲೆಯೆತ್ತಿ ನೋಡುತ್ತಿದ್ದರು, ಯಾರದೋ ಅಜ್ಜಿ ಬಂದು ಬೆಂಚಿನಲ್ಲಿ ಕೂತಿದ್ದಾರೇನೋ ಎಂಬಂತೆ. ಅದು ನಿಜವಾಗಿಯೂ ಅಜ್ಜಿಯ ಹೆಸರೇ, ನನ್ನ ಅಮ್ಮನ ಅಮ್ಮನದು.

ಈ ದೇಶಕ್ಕೆ ಎಂ.ಎಸ್. ಓದಲು ಬಂದ ಮೊದಲ ಚಳಿಗಾಲದಲ್ಲಿ ನಾನು ಪ್ರಾಮಾಣಿಕಳಾಗಿದ್ದೆ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಕಾಫಿಯ ಸರದಿಯಲ್ಲಿ ನನ್ನ ಹಿಂದೆ ಹನ್ನೊಂದು ಜನ. ವಿಕ್ಟರಿನ ವಿ, ಇಂಡಿಯಾದ ಐ ಎಂದು ಶುರುಮಾಡಿ ಎರಡನೆಯ ಎ ಬರುವ ಹೊತ್ತಿಗೆ ಹಿಂದಿನಿಂದ ನಿಟ್ಟುಸಿರುಗಳು ಕೇಳಿಸಿದವು. ಲೋಟದ ಮೇಲೆ ಕೊನೆಗೆ ‘ವಿಷ್’ ಎಂದಿತ್ತು. ಮಾರನೆಯ ದಿನ ಹೆಸರು ಕೇಳಿದಾಗ ಬಾಯಿಂದ ರೀಟಾ ಎಂದು ಬಂತು. ಎಲ್ಲಿಂದ ಬಂತೋ ತಿಳಿಯದು. ನಮ್ಮ ಮನೆತನದಲ್ಲಾಗಲಿ, ಬೀದಿಯಲ್ಲಾಗಲಿ ಆ ಹೆಸರಿನವರಿಲ್ಲ.

ಈ ವಿಷಯದಲ್ಲಿ ನಾನು ಒಬ್ಬಳೇ ಅಲ್ಲ. ಶನಿವಾರ ಬೆಳಗ್ಗೆ ನಾನಿರುವ ಕ್ಯಾಂಟನ್ ಊರಿನ ಇಂಡಿಯನ್ ಸ್ಟೋರಿನ ಪಕ್ಕದ ಕಾಫಿ ಅಂಗಡಿಯಲ್ಲಿ ‘ಸ್ಯಾಮ್’ ಎಂದು ಕೂಗಿದರೆ ಒಂದೇ ಥರದ ಜಾಕೆಟ್ ಹಾಕಿದ ಮೂವರು ಎದ್ದು ನಿಲ್ಲುತ್ತಾರೆ. ಒಬ್ಬರು ಸೋಮಶೇಖರ್, ಒಬ್ಬರು ಸಂಪತ್ಕುಮಾರ್, ಇನ್ನೊಬ್ಬರು ಸಾಂಬಮೂರ್ತಿ. ಮೂವರೂ ಒಬ್ಬರನ್ನೊಬ್ಬರು ನೋಡಿ, ಯಾರ ಕಾಫಿಗೆ ಹಾಲು ಹಾಕಿಸಿದ್ದು ಎಂದು ಕನ್ನಡದಲ್ಲಿ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಹಾಗೆ ನೋಡಿದರೆ ನಮಗೆ ಮೊದಲಿನಿಂದಲೂ ಒಂದೇ ಹೆಸರಿನಲ್ಲಿ ಕೆಲಸ ಸಾಗಿದ್ದಿಲ್ಲ. ಜಾತಕದಲ್ಲೊಂದು, ಶಾಲೆಯ ದಾಖಲೆಯಲ್ಲೊಂದು, ಮನೆಯಲ್ಲಿ ಪುಟ್ಟಿ. ಇವುಗಳ ಜೊತೆಗೆ ಕಾಫಿಗೊಂದು ಇದ್ದರೆ ಅದು ಪರಂಪರೆಯ ಮುಂದುವರಿಕೆ ಎಂದೇ ನಾನು ಭಾವಿಸಿದ್ದೆ. ಅಮ್ಮನ ಜೊತೆ ರಾಜಸ್ಥಾನಕ್ಕೆ ಹೋಗುವ ತನಕ.

ಅಮ್ಮ ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಅಷ್ಟೂ ವರ್ಷ ಥಾರ್ ಮರುಭೂಮಿಯನ್ನು ನೋಡದೆಯೇ ಕಲಿಸಿದ್ದಳು. ‘ಮರುಭೂಮಿಯಲ್ಲಿ ಹಗಲು ಬಿಸಿ, ರಾತ್ರಿ ಚಳಿ, ಕಾರಣ ಕೊಡಿ’ ಎಂಬ ಎರಡು ಅಂಕದ ಪ್ರಶ್ನೆಗೆ ಅವಳು ತಿದ್ದಿದ ಉತ್ತರಗಳು ಸಾವಿರಾರು. ಉತ್ತರ ಸರಿಯೋ ಇಲ್ಲವೋ ಒಮ್ಮೆ ಹೋಗಿ ನೋಡಬೇಕು ಎಂಬುದು ಅವಳ ಆಸೆ. ಕಳೆದ ಡಿಸೆಂಬರಿನ ರಜೆಯಲ್ಲಿ ನಾನು ಊರಿಗೆ ಹೋದಾಗ ಇಬ್ಬರೂ ಜೈಸಲ್ಮೇರಿಗೆ ಹೊರಟೆವು. ಅಪ್ಪ ಬರಲಿಲ್ಲ. ಅಪ್ಪ ಎಲ್ಲಿಗೂ ಬರುವುದಿಲ್ಲ. ಹಾಲಿನವನಿಗೆ ಬೇಡವೆಂದು ಹೇಳುವುದು ಅವರಿಗೆ ಸಂಕೋಚ.

ಜೈಸಲ್ಮೇರಿನಿಂದ ಇಪ್ಪತ್ತೈದು ಮೈಲಿ ದೂರದಲ್ಲಿ, ಮರಳ ದಿಬ್ಬಗಳ ನಡುವೆ ನಮ್ಮ ಡೇರೆಯಿತ್ತು. “ಮೈಲಿ ಅನ್ನಬೇಡ, ಕಿಲೋಮೀಟರ್ ಹೇಳು,” ಎಂದು ಅಮ್ಮ ತಿದ್ದಿದಳು. ಸೂರ್ಯ ಮುಳುಗುವ ಹೊತ್ತಿಗೆ ಮರಳ ಮೇಲೆ ಅಂಗೈ ಊರಿ ಸುಮ್ಮನೆ ಕೂತಳು. ಹತ್ತು ನಿಮಿಷ ಬಿಟ್ಟು ಮತ್ತೆ ಊರಿದಳು. “ತಣ್ಣಗಾಗ್ತಿದೆ ಕಣೇ. ಸದ್ಯ,” ಅಂದಳು. ಮೂವತ್ತೊಂದು ವರ್ಷ ಕೊಟ್ಟ ಅಂಕಗಳು ಉಳಿದುಕೊಂಡವು.

ಆಮೇಲೆ ಹಾಡು, ಕುಣಿತ. ನಡುವೆ ಬೆಂಕಿ, ಸುತ್ತ ಹಾಸಿಗೆ, ಹಾಸಿಗೆಯ ಮೇಲೆ ಏಳು ಸಂಸಾರಗಳು. ಇಲ್ಲಿ ನನ್ನ ಉದ್ಯೋಗವನ್ನು ಹೇಳಬೇಕು. ನಾನು ಕಾರು ತಯಾರಿಸುವ ಕಂಪನಿಯಲ್ಲಿ ಸದ್ದು ಅಡಗಿಸುವ ಎಂಜಿನಿಯರು. ಬಾಗಿಲು ಕಿರುಗುಟ್ಟಿದರೆ, ಡ್ಯಾಶ್‌ಬೋರ್ಡಿನೊಳಗೆ ಏನಾದರೂ ಕಟಕಟ ಎಂದರೆ, ಅದು ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಿ ಬಾಯಿ ಮುಚ್ಚಿಸುವುದು ನನ್ನ ಕೆಲಸ. ಸ್ವಭಾವಕ್ಕೆ ಹೊಂದುವ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಎದುರಿಗೆ ಕೂತಿದ್ದ ಒಬ್ಬ ಯುವಕ ಎರಡೂ ಕೈಯಲ್ಲಿ ಅಂಗೈಯುದ್ದದ ಎರಡೆರಡು ಮರದ ಪಟ್ಟಿ ಹಿಡಿದು ಬಡಿಯತೊಡಗಿದ. ಅದಕ್ಕೆ ಖಡ್ತಾಲ್ ಎನ್ನುತ್ತಾರೆ. ನಮ್ಮ ಪ್ರಯೋಗಶಾಲೆಯಲ್ಲಿ ಈ ಸದ್ದು ಕೇಳಿದ್ದರೆ ಕಾರನ್ನು ಬಿಚ್ಚಿಹಾಕುತ್ತಿದ್ದೆವು. ನಾನು ಅಭ್ಯಾಸದಂತೆ ಅದರ ಮೂಲ ಹುಡುಕಲು ಹೊರಟೆ: ಎಡಗೈಯೋ, ಬಲಗೈಯೋ, ಮರವೋ, ಗಾಳಿಯೋ. ಎರಡು ನಿಮಿಷದಲ್ಲಿ ಹುಡುಕುವುದನ್ನು ಬಿಟ್ಟೆ. ನನ್ನ ವೃತ್ತಿಜೀವನದಲ್ಲಿ ಇದು ದಾಖಲಾಗದ ಸೋಲು.

ಹಾಡುತ್ತಿದ್ದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ತೊಡೆಯ ಮುಂದೆ ದುಂಡುಹೊಟ್ಟೆಯ, ಮೇಕೆಚರ್ಮ ಬಿಗಿದ ಒಂದು ವಾದ್ಯ. ಕಮಾನಿನಿಂದ ತೀಡಿದರೆ ಗಂಟಲು ಕಟ್ಟಿದ ಮನುಷ್ಯ ಮಾತಾಡಿದಂತೆ ಕೇಳುತ್ತದೆ. ಚಾಚಾ ಮಾಂಗಣಿಯಾರರು. ಧರ್ಮದಿಂದ ಮುಸಲ್ಮಾನರು, ತಲೆತಲಾಂತರದಿಂದ ರಜಪೂತ ಮನೆಗಳಿಗೆ ಹಾಡುವವರು. ಆ ಮನೆಗಳಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ, ಇವರು ಬಂದು ವಂಶದ ಹೆಸರುಗಳನ್ನು ಒಂದೊಂದಾಗಿ ಹಾಡಿ ಹರಸಬೇಕು. ಯಾವ ಮನೆಯ ಹೆಸರೂ ಕಾಗದದ ಮೇಲಿಲ್ಲ. ಎಲ್ಲ ಗಂಟಲಲ್ಲಿದೆ.

ಅಷ್ಟರಲ್ಲಿ ಕನ್ನಡಿ ಹೊಲಿದ ಕಪ್ಪು ಲಂಗದ ಇಬ್ಬರು ಹೆಂಗಸರು ಕುಣಿಯಲು ಬಂದರು. ಒಬ್ಬಾಕೆ ಹಿಂದಕ್ಕೆ ಬಾಗಿ ಬಾಗಿ, ನೆಲದ ಮೇಲಿದ್ದ ಉಂಗುರವನ್ನು ಕಣ್ಣರೆಪ್ಪೆಯಿಂದ ಎತ್ತಿಕೊಂಡಳು. ಅಮ್ಮ ಚಪ್ಪಾಳೆ ತಟ್ಟಿದಳು. ನಾನು ತಟ್ಟಲಿಲ್ಲ, ಏಕೆಂದರೆ ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ಕುಣಿಯುವವರು ಆಮೇಲೆ ಕೂತವರನ್ನು ಎಬ್ಬಿಸುತ್ತಾರೆ. ಲೋಕದ ಎಲ್ಲ ನೃತ್ಯಪ್ರಕಾರಗಳಲ್ಲೂ ಈ ದೋಷವಿದೆ. ಕ್ಯಾಂಟನ್ನಿನ ಕನ್ನಡ ಸಂಘದಲ್ಲಿ ಯುಗಾದಿಯ ಕಾರ್ಯಕ್ರಮ ಕುಣಿತಕ್ಕೆ ತಿರುಗಿದ ಕೂಡಲೇ ನಾನು ಕೈಚೀಲಗಳ ಮೇಲ್ವಿಚಾರಕಿಯಾಗುತ್ತೇನೆ. “ನೀನಿದೀಯಲ್ಲ, ನೋಡ್ಕೋಮ್ಮ,” ಎಂದು ನಮ್ಮ ಬಡಾವಣೆಯ ನಾಗರತ್ನ ಆಂಟಿ ತಮ್ಮ ಬ್ಯಾಗನ್ನು ಕೊಟ್ಟುಹೋದರೆ, ಉಳಿದವರೂ ಕೊಡುತ್ತಾರೆ. ತೊಡೆಯ ಮೇಲೆ ಒಂಬತ್ತು ಬ್ಯಾಗಿರುವವಳನ್ನು ಯಾರೂ ಕೈಹಿಡಿದು ಎಳೆಯಲಾರರು. ಮರಳುಗಾಡಿನಲ್ಲಿ ನನ್ನ ಬಳಿ ಇದ್ದದ್ದು ಅಮ್ಮನ ಬ್ಯಾಗೊಂದೇ. ಉಂಗುರ ಎತ್ತಿದಾಕೆ ಅದನ್ನು ತೆಗೆದು ಅಮ್ಮನ ತೊಡೆಯ ಮೇಲಿಟ್ಟಳು, ನನ್ನನ್ನು ಎಬ್ಬಿಸಿದಳು.

ನನ್ನ ಕುಣಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮ್ಮ ತೆಗೆದ ವಿಡಿಯೊದಲ್ಲಿ ನಾನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೈಯೆತ್ತಿ ನಿಂತವಳಂತೆ ಕಾಣುತ್ತೇನೆ.

ಏದುಸಿರು ಬಿಡುತ್ತ ಬಂದು ಕೂತಿದ್ದೇನೆ, ಚಾಚಾ ನಮ್ಮ ಹಾಸಿಗೆಯ ಹತ್ತಿರ ಬಂದರು. ಪ್ರತಿ ಸಂಸಾರದ ಹೆಸರನ್ನೂ ಸೇರಿಸಿ ಒಂದೊಂದು ಹಾಡು ಹಾಡುತ್ತಾರಂತೆ. ಮೊದಲು ಅಮ್ಮನನ್ನು ಕೇಳಿದರು. ಅಮ್ಮ ಹಿಂದಿ ಪರೀಕ್ಷೆಗಳನ್ನು ಒಳ್ಳೆಯ ಅಂಕದಲ್ಲಿ ಪಾಸು ಮಾಡಿದವಳು. ಅವಳ ಹಿಂದಿ ಉತ್ತರಪತ್ರಿಕೆಯ ಹಿಂದಿ. ತಾನು ಸರೋಜಾ ಎಂದೂ, ತನ್ನ ಸ್ವರ್ಗಸ್ಥ ಮಾತೃಶ್ರೀ ವಿಶಾಲಾಕ್ಷಿ ಎಂದೂ ಹೇಳಿದಳು. ಚಾಚಾ ತಲೆದೂಗಿ, ನನ್ನ ಕಡೆ ತಿರುಗಿ, ಕಿವಿಯನ್ನು ಮುಂದೆ ಬಾಗಿಸಿ, “ಮಗಳ ಹೆಸರು?” ಎಂದರು. ಹಿಂದೆ ಆರು ಸಂಸಾರಗಳು ಕಾಯುತ್ತಿದ್ದವು. ಎದುರಿಗೆ ಒಬ್ಬರು ಬಾಗಿ ನಿಂತು ಹೆಸರು ಕೇಳುತ್ತಿದ್ದಾರೆ, ಹಿಂದೆ ಸರದಿಯಿದೆ. ನನ್ನ ಬಾಯಿ ತನಗೆ ಗೊತ್ತಿದ್ದನ್ನು ಮಾಡಿತು.

“ರೀಟಾ.”

ಅವರು ಹಾಡಿದರು. ವಿಶಾಲಾಕ್ಷಿಯ ಮಗಳು ಸರೋಜಾ, ಸರೋಜಾಳ ಮಗಳು ರೀಟಾ. ರೀಟಾಳ ಅಂಗಳದಲ್ಲಿ ಒಂಟೆಗಳು ತುಂಬಲಿ, ರೀಟಾ ಏಳು ಗಂಡುಮಕ್ಕಳ ತಾಯಿಯಾಗಲಿ. ಕಮಾನು ತೀಡಿತು, ಖಡ್ತಾಲ್ ಕುಣಿಯಿತು, ಆ ಹೆಸರು ದಿಬ್ಬ ದಾಟಿ ಹೋಗಿ ವಾಪಸು ಬಂತು. ನಾಲ್ಕು ನಿಮಿಷ. ಅಷ್ಟು ಹೊತ್ತೂ ಅಮ್ಮ ಬೆಂಕಿಯನ್ನೇ ನೋಡುತ್ತಿದ್ದಳು.

ಅಮ್ಮನಿಗೆ ಬೇಸರವಾದರೆ ಊಟದ ಗುಣದೋಷ ಮಾತಾಡುತ್ತಾಳೆ. “ತುಪ್ಪ ಜಾಸ್ತಿ,” ಅಂದಳು. ಬಾಟಿ ಎಂಬ ಸುಟ್ಟ ಗೋಧಿಯುಂಡೆಯನ್ನು ಮುರಿದು, “ಒಳಗೆ ಬೆಂದಿಲ್ಲ,” ಅಂದಳು. ಬೆಂದಿತ್ತು. ತಟ್ಟೆ ಕೆಳಗಿಟ್ಟು ಕೇಳಿದಳು: “ರೀಟಾ ಯಾರು?”

ನಾನು ವಿವರಿಸಿದೆ. ಸರದಿ, ಚಳಿ, ಲೋಟ, ಮೂವರು ಸ್ಯಾಮ್‌ಗಳು. ಸ್ಯಾಮ್‌ಗಳ ಕಥೆಗೆ ಎಲ್ಲರೂ ನಗುತ್ತಾರೆ. ಅಮ್ಮ ನಗಲಿಲ್ಲ.

“ಅವರು ಹೆಸರು ಕೇಳಿದ್ದು ಬರೆದು ಅಂಟಿಸೋದಕ್ಕಲ್ಲ ಕಣೇ, ಹಾಡೋದಕ್ಕೆ. ಅದಕ್ಕೆ ನೀನು ಕಾಫಿ ಹೆಸರು ಕೊಟ್ಯಾ?”

“ಅಭ್ಯಾಸ ಆಗಿಬಿಟ್ಟಿದೆ ಅಮ್ಮ.”

“ಅಭ್ಯಾಸ ಆಗೋಷ್ಟು ಸಲ ಹೇಳಿದೀಯಲ್ಲ. ಅದೇ.”

ಆಮೇಲೆ ಹೆಳವನ ವಿಷಯ ಹೇಳಿದಳು. ನಾಗಮಂಗಲದ ಕಡೆ ಅವಳ ತವರಿಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ನಿಲ್ಲಿಸಿ, ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿದ್ದ ಗಂಡುಕೂಸಿನ ತನಕ ವಂಶದ ಹೆಸರನ್ನೆಲ್ಲ ಒಂದೇ ಉಸಿರಲ್ಲಿ ಹೇಳುತ್ತಿದ್ದ. ಇದು ನನಗೂ ಗೊತ್ತಿತ್ತು. ಕರ್ನಾಟಕದಲ್ಲಿ ಹೆಳವರು ಮಾಡುವ ಕೆಲಸವನ್ನೇ ಇಲ್ಲಿ ಮಾಂಗಣಿಯಾರರು ರಾಗ ಹಾಕಿ ಮಾಡುತ್ತಾರೆ ಎಂದು ಮಧ್ಯಾಹ್ನ ತಾನೇ ಅಮ್ಮನಿಗೆ ಉಪನ್ಯಾಸ ಕೊಟ್ಟಿದ್ದೆ. ಗೊತ್ತಿಲ್ಲದಿದ್ದದ್ದು ಮುಂದಿನದು.

“ನಮ್ಮನೆ ಹೆಳವ ಗಂಡಸರ ಹೆಸರೇ ಹೇಳ್ತಿದ್ದಿದ್ದು. ನಮ್ಮಮ್ಮ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳೋಳು. ಒಂದ್ಸಲ, ನಂದು ಎಲ್ಲಿ ಬರತ್ತಪ್ಪಾ ಅಂತ ಕೇಳೇಬಿಟ್ಲು. ಹೆಣ್ಣುಮಕ್ಕಳದ್ದು ಇದರಲ್ಲಿ ಬರಲ್ಲ ತಾಯಿ ಅಂದ. ಇವಳು ನಕ್ಕೊಂಡು ಅವನಿಗೆ ರಾಗಿ ಅಳೆದುಕೊಟ್ಟು ಒಳಗೆ ಹೋದ್ಲು. ನಿನಗೆ ಆ ಹೆಸರು ಯಾಕೆ ಇಟ್ಟೆ ಅಂದ್ಕೊಂಡೆ? ಚೆನ್ನಾಗಿದೆ ಅಂತಲ್ಲ. ಯಾರಾದ್ರೂ ಕೂಗ್ತಾ ಇರ್ಲಿ ಅಂತ.”

ಇಷ್ಟು ಹೇಳಿ ಡೇರೆಗೆ ಹೋಗಿ ಮಲಗಿಬಿಟ್ಟಳು. ಮರುದಿನ ಎಂಟು ಗಂಟೆಗೆ ನಮ್ಮ ಜೀಪು.

ನಾನು ಹೋಟೆಲಿನಲ್ಲಿ ತಪ್ಪು ತಿಂಡಿ ಬಂದರೆ ಹಿಂತಿರುಗಿಸದೆ ತಿನ್ನುವವಳು. ಬೆಳಗ್ಗೆ ಏಳಕ್ಕೆ ಅಡುಗೆ ಡೇರೆಯ ಮುಂದೆ ಬೆಂಕಿ ಕಾಯಿಸುತ್ತ, ವಾದ್ಯದ ತಂತಿ ಬಿಗಿಯುತ್ತಿದ್ದ ಚಾಚಾ ಎದುರು ಹೋಗಿ ನಿಂತಾಗ, ಹಿಂದಿನ ಸಂಜೆಯ ಕುಣಿತವೇ ಸುಲಭವಾಗಿತ್ತು ಅನ್ನಿಸಿತು. ನನ್ನ ಹೆಸರನ್ನು ತಪ್ಪಾಗಿ ಹೇಳಿದೆ, ಎಂದೆ.

“ಸ್ವಂತ ಹೆಸರನ್ನೇ?”

“ಹೌದು.”

“ಹಾಗಾದರೆ ರೀಟಾ ಯಾರು ಬೇಟಿ?”

ಹನ್ನೆರಡು ಗಂಟೆಗಳಲ್ಲಿ ಎರಡನೆಯ ಬಾರಿ ಅದೇ ಪ್ರಶ್ನೆ. ಮಿಶಿಗನ್ನಿನ ಚಳಿ, ಸರದಿ, ಲೋಟ, ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದೆ. ಬೇರೆಯವರ ಮನೆಯ ಜಗಳ ಕೇಳಿ ಅಭ್ಯಾಸವಿದ್ದವರಂತೆ ಅವರು ಗಂಭೀರವಾಗಿ ಕೇಳಿಸಿಕೊಂಡರು. ಆ ಹೆಸರನ್ನು ತೆಗೆದು ನನ್ನದನ್ನು ಹಾಕಿ ಇನ್ನೊಮ್ಮೆ ಹಾಡಬಹುದೇ ಎಂದು ಕೇಳಿದೆ. ನನ್ನ ಅಜ್ಜಿಯ ಹೆಸರು, ಅಮ್ಮನಿಗೆ ಬೇಕು, ಎಂದೆ. ಎಂಟಕ್ಕೆ ಜೀಪು, ಎಂದೂ ಸೇರಿಸಿದೆ.

ಚಾಚಾ ತಲೆಯಾಡಿಸಿದರು. “ಹಾಡಿದ ಹೆಸರನ್ನು ನಾವು ತೆಗೆಯೋದಿಲ್ಲ. ದೇವರ ಎದುರು ಹರಸಿಯಾಯ್ತು. ಏಳು ಮಕ್ಕಳು ಬೇರೆ ಕೊಟ್ಟಿದ್ದೀನಿ.”

ಅಮ್ಮ ನೀರಿನ ಬಾಟಲಿ ಹಿಡಿದು ಡೇರೆಯಿಂದ ಬರುತ್ತಿದ್ದಳು. ಚಾಚಾ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಚಹಾದ ಲೋಟ ಪಕ್ಕಕ್ಕಿಟ್ಟರು.

“ತೆಗೆಯೋದಿಲ್ಲ,” ಎಂದರು. “ಸೇರಿಸಬಹುದು.”

ಹೀಗೆ ಅಡುಗೆಯವರು, ಜೀಪಿನ ಡ್ರೈವರು, ಹಲ್ಲುಜ್ಜುತ್ತಿದ್ದ ಸೂರತ್ತಿನ ಒಂದು ಸಂಸಾರ, ಇವರೆಲ್ಲರ ಸಮಕ್ಷಮದಲ್ಲಿ ನನಗೆ ಅಕ್ಕ ಹುಟ್ಟಿದಳು. ವಿಶಾಲಾಕ್ಷಿಯ ಮಗಳು ಸರೋಜಾ, ಸರೋಜಾಳಿಗೆ ಇಬ್ಬರು ಹೆಣ್ಣುಮಕ್ಕಳು: ದೊಡ್ಡವಳು ರೀಟಾ, ಚಿಕ್ಕವಳು ವಿಶಾಲಾಕ್ಷಿ. ರೀಟಾ ಹೇಗೆ ದೊಡ್ಡವಳು ಎಂದು ನಾನು ಕೇಳಿದ್ದಕ್ಕೆ, “ಮೊದಲು ಹಾಡಿದ್ದು ಅವಳನ್ನೇ,” ಎಂದರು. ನನ್ನ ಹೆಸರು ಬಂದಾಗ ಅವರು ‘ಬಿಸಾಲಾಚಿ’ ಎಂದರು. ಅಮ್ಮ ಬಾಟಲಿ ಎತ್ತಿ ಹಾಡು ನಿಲ್ಲಿಸಿ, ಮೂರು ಸಲ ಹೇಳಿಕೊಟ್ಟು, ಸರಿಯಾದ ಮೇಲೆ “ಹ್ಞಾಂ, ಈಗ ಹಾಡಿ,” ಎಂದಳು. ಅವರು ಕಣ್ಣುಮುಚ್ಚಿ ‘ಶಾ’ದಲ್ಲಿ ಒಮ್ಮೆ ನಿಂತರು, ‘ಲಾ’ದಲ್ಲಿ ಇನ್ನೊಮ್ಮೆ ನಿಂತು ಸುತ್ತಲೂ ನೋಡಿಕೊಂಡು ಬಂದರು. ನನ್ನ ಹೆಸರಿನೊಳಗೆ ಅಷ್ಟೊಂದು ಜಾಗವಿದೆ ಎಂದು ನನಗೆ ಗೊತ್ತಿರಲಿಲ್ಲ. ಕೌಂಟರಿನ ಮುಂದೆ ಅದು ಯಾವಾಗಲೂ ಇಕ್ಕಟ್ಟಾಗಿಯೇ ಕಂಡಿತ್ತು.

ಹರಸುವ ಸಾಲು ಬಂದಾಗ ನಾನು ಕೈಯೆತ್ತಿ, ಮಕ್ಕಳು ಬೇಡ ಎಂದೆ. “ಅದನ್ನೆಲ್ಲ ದೊಡ್ಡವಳಿಗೆ ಕೊಟ್ಟಾಗಿದೆ,” ಎಂದು ಚಾಚಾ ಸಮಾಧಾನ ಹೇಳಿದರು. ನನಗೆ ನೀರು ತುಂಬಿದ ಬಾವಿಯೊಂದನ್ನು ಹರಸಿದರು. ಹೊರಡುವ ಮುಂಚೆ ಅಮ್ಮ ಅವರ ಹೆಸರು ಕೇಳಿದಳು. ಅವರು ತಮ್ಮದನ್ನು, ತಂದೆಯದನ್ನು, ತಾತನದನ್ನು, ಹೀಗೆ ಎಂಟನೆಯವರ ತನಕ ಹೇಳಿದರು. ಅಮ್ಮ ಬಿಡದೆ, “ಅಮ್ಮಂದು?” ಎಂದಳು. ಚಾಚಾ ಅದನ್ನೂ ಹೇಳಿದರು. ಅವರನ್ನು ಕೇಳಿ ಬರೆಯುತ್ತಿಲ್ಲವಾದ್ದರಿಂದ ಆ ಹೆಸರುಗಳನ್ನು ಇಲ್ಲಿ ಕೊಡುವುದಿಲ್ಲ. ಅಮ್ಮನಿಗೆ ನೆನಪಿವೆ.

ಜೀಪಿನಲ್ಲಿ ಅಮ್ಮ ತಿಂಡಿಯ ಬಗ್ಗೆ ಏನೂ ಹೇಳಲಿಲ್ಲ. ಬೇಸರ ಕಳೆದಿದೆ ಎಂದು ಅದರಿಂದ ನನಗೆ ತಿಳಿಯಿತು.

ಕ್ಯಾಂಟನ್ನಿಗೆ ಮರಳಿದ ಮೇಲೆ ಸಂಕ್ರಾಂತಿಗೆ ಎಳ್ಳು ಬೀರಲು ನಾಗರತ್ನ ಆಂಟಿಯ ಮನೆಗೆ ಹೋಗಿದ್ದೆ. ಅಲ್ಲಿಂದ ಅಮ್ಮನಿಗೆ ವಿಡಿಯೊ ಕರೆ ಮಾಡಿದಾಗ ಆಂಟಿ ಫೋನು ಕಸಿದುಕೊಂಡು, ಎಲ್ಲರೂ ಕೇಳುವ ಪ್ರಶ್ನೆಯನ್ನು ಕೇಳಿದರು. “ಅಲ್ರೀ ಸರೋಜಾ, ಇವಳಿಗೆ ಯಾವಾಗ ಮದುವೆ ಮಾಡ್ತೀರಿ? ನನಗೆ ಶಿಕಾಗೊ ಹತ್ರ ಗ್ಲೆಂಡೇಲ್ ಹೈಟ್ಸಲ್ಲಿ ಒಳ್ಳೆ ಹುಡುಗ ಗೊತ್ತು. ಶಿಕಾಗೊ ಏನು ದೂರನಾ, ನಾಲ್ಕೂವರೆ ಗಂಟೆ ಡ್ರೈವ್.”

ಅಮ್ಮ ಕಣ್ಣು ಮಿಟುಕಿಸದೆ ಹೇಳಿದಳು: “ದೊಡ್ಡವಳು ಇನ್ನೂ ಇದಾಳಲ್ರೀ. ಅವಳದ್ದಾಗದೆ ಇವಳದ್ದು ಹೇಗೆ ಮಾಡೋದು?”

ಆಂಟಿ ನನ್ನ ಮುಖ ನೋಡಿದರು. “ನಿನಗೆ ಅಕ್ಕ ಇದಾಳೇನೇ? ಹೇಳೇ ಇಲ್ವಲ್ಲ.”

“ನಾನು ಜಾಸ್ತಿ ಮಾತಾಡಲ್ಲ ಆಂಟಿ,” ಎಂದೆ. ಅದು ನಿಜ.

ಮೊನ್ನೆ ಬೆಳಗ್ಗೆ ಆಫೀಸಿನ ಎದುರಿನ ಅಂಗಡಿಯಲ್ಲಿ ಎರಡು ಕಾಫಿ ಹೇಳಿದೆ, ಒಂದು ನನಗೆ, ಇನ್ನೊಂದು ಪ್ರಯೋಗಶಾಲೆಯ ಸಹೋದ್ಯೋಗಿಗೆ. ಹುಡುಗಿ ಕೇಳುವ ಮುಂಚೆಯೇ ಒಂದರ ಮೇಲೆ ರೀಟಾ ಎಂದು ಬರೆದಿದ್ದಳು. ಎರಡನೆಯದಕ್ಕೆ ಹೆಸರು ಕೇಳಿದಳು. ಹಿಂದೆ ಐದು ಜನರಿದ್ದರು. ವಿಕ್ಟರಿನ ವಿ ಎಂದು ಶುರುಮಾಡಿದೆ. ಕೊನೆಯ ಐ ತನಕ ನಿಲ್ಲಿಸಲಿಲ್ಲ. ಲೋಟದ ಸುತ್ತಳತೆ ಸಾಕಾಯಿತು. ಮೂಲೆಯಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ; ಸಾರಿಗೆ ಒಗ್ಗರಣೆ ಬೀಳುವ ಸದ್ದು ಕೇಳುತ್ತಿತ್ತು. ಕೌಂಟರಿನಿಂದ “ರೀಟಾ!” ಎಂದು ಕೂಗಿದರು. ಆಮೇಲೆ ಯಾರೋ ಉಸಿರು ಎಳೆದುಕೊಂಡರು, ಮೆಟ್ಟಿಲು ಇಳಿಯುವ ಮಗುವಿನ ಹಾಗೆ ಒಂದೊಂದೇ ಅಕ್ಷರವಾಗಿ ಆ ಹೆಸರು ಬಂತು.

ಫೋನಿನ ಆ ಕಡೆ ಸೌಟು ನಿಂತಿತು. “ಯಾರನ್ನೇ ಕೂಗಿದ್ದು?” ಅಂದಳು ಅಮ್ಮ.

“ಇಬ್ಬರನ್ನೂ.”

ನಾನು ಏಳಬೇಕಿತ್ತು. ಕೇಳಿಸದವಳಂತೆ ಕೂತೇ ಇದ್ದೆ. ಅವರು ಎರಡನೆಯ ಸಲ, ಈ ಬಾರಿ ಸ್ವಲ್ಪ ಧೈರ್ಯವಾಗಿ, ಇನ್ನೂ ಜೋರಾಗಿ ಕೂಗಿದ ಮೇಲೆ ಹೋಗಿ ಎರಡೂ ಲೋಟ ತಂದೆ. ರೀಟಾಳ ಕಾಫಿ ಅಷ್ಟರಲ್ಲಿ ಸ್ವಲ್ಪ ಆರಿತ್ತು. ಇರಲಿ, ಅವಳು ದೊಡ್ಡವಳು, ಸುಧಾರಿಸಿಕೊಳ್ಳುತ್ತಾಳೆ.